ದಶಕ ಒಂದು ಎಲ್ಲಿ ಹೋಯಿತು?

(ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಒಂದು ಭಾನುವಾರ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಚಿಕ್ಕ ಲೆಕ್ಕ. ಪೆನ್ನು, ಕಾಗದ, ಮೊಬೈಲ್ ಯಾವುದೂ ಬೇಡ. 47ಕ್ಕೆ 38 ಕೂಡಿಸಿ. ಉತ್ತರವನ್ನು ಕೂಗಿ ಹೇಳಬೇಡಿ, ಮನಸ್ಸಿನಲ್ಲೇ ಇರಲಿ.

ಈಗ ನಿಮ್ಮ ತಲೆಯೊಳಗೆ ನಡೆದದ್ದನ್ನು ನಿಧಾನವಾಗಿ ನೋಡೋಣ. ಏಳಕ್ಕೆ ಎಂಟು ಸೇರಿಸಿದಿರಿ, ಹದಿನೈದು. ಐದನ್ನು ಬಿಡಿ ಸ್ಥಾನದಲ್ಲಿ ಇಟ್ಟು 'ದಶಕ ಒಂದು' ಎಂದುಕೊಂಡಿರಿ. ಆ ಒಂದನ್ನು ಹಿಡಿದುಕೊಂಡೇ ನಾಲ್ಕಕ್ಕೆ ಮೂರು ಸೇರಿಸಿ ಏಳು ಎಂದಿರಿ. ಆಮೇಲೆ ಹಿಡಿದಿದ್ದ ಒಂದನ್ನು ತಂದು ಏಳಕ್ಕೆ ಸೇರಿಸಿದಿರಿ. ಎಂಬತ್ತೈದು. ಇಷ್ಟು ಕೆಲಸದಲ್ಲಿ ಅತ್ಯಂತ ನಾಜೂಕಾದದ್ದು ಆ ದಶಕವನ್ನು ಬೀಳಿಸದೆ ಹಿಡಿದುಕೊಂಡಿರುವುದು. ಇಪ್ಪತ್ತಾರು ವರ್ಷಗಳಿಂದ ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಿದ್ದೇನೆ. 85 ಇರಬೇಕಾದ ಕಡೆ 75 ಎಂದು ಬರೆದದ್ದನ್ನು ಸಾವಿರಾರು ಸಲ ನೋಡಿದ್ದೇನೆ. ಏಳು ಎಂಟು ಹದಿನೈದು ಎಂಬುದು ಆ ಮಗುವಿಗೆ ಗೊತ್ತು. ನಾಲ್ಕು ಮೂರು ಏಳು ಎಂಬುದೂ ಗೊತ್ತು. ನಡುವೆ ದಶಕ ಕೈಜಾರಿದೆ. ಅದು ಎಲ್ಲಿ ಹೋಯಿತು ಎಂಬುದನ್ನು ಇವತ್ತು ನಿಮ್ಮೊಂದಿಗೆ ಹುಡುಕಬೇಕೆಂದು ಬಂದಿದ್ದೇನೆ.

'ಗಮನ ಸಾಲದು', 'ಅಭ್ಯಾಸ ಸಾಲದು' ಎಂದು ಕೆಂಪು ಶಾಯಿಯಲ್ಲಿ ನಾನೂ ಬರೆದವಳೇ. ಹಾಗೆ ಬರೆಯುವ ಕೈಯನ್ನು ತಡೆದದ್ದು ಒಂದು ಪ್ರಯೋಗದ ವಿವರ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕಿರ್ಕ್ 2001ರಲ್ಲಿ ಅದನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಕೂಡುವ ಲೆಕ್ಕ ಕೊಟ್ಟು, ಲೆಕ್ಕ ಮಾಡುತ್ತಿರುವಾಗಲೇ ಕೆಲವು ಅಕ್ಷರಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರಬೇಕು ಎಂದರು. ಒಮ್ಮೆ ಎರಡು ಅಕ್ಷರ, ಒಮ್ಮೆ ಆರು. ಅಕ್ಷರಗಳ ಭಾರ ಹೆಚ್ಚಿದಾಗ ಎಲ್ಲರೂ ಸ್ವಲ್ಪ ತಡವರಿಸಿದರು. ಆದರೆ ಗಣಿತದ ಬಗ್ಗೆ ಆತಂಕ ಹೆಚ್ಚಿದ್ದವರು ದಶಕ ಬರುವ ಲೆಕ್ಕಗಳಲ್ಲಿ ಉಳಿದವರಿಗಿಂತ ಬಹಳ ಹೆಚ್ಚು ತಪ್ಪಿದರು. ದಶಕವಿಲ್ಲದ ಲೆಕ್ಕಗಳಲ್ಲಿ ಅಂಥ ಅಂತರ ಕಾಣಲಿಲ್ಲ.

ಇದನ್ನು ಮಕ್ಕಳಿಗೆ ನಾನು ಸ್ಲೇಟಿನ ಮಾತಿನಲ್ಲಿ ಹೇಳುತ್ತೇನೆ. ಲೆಕ್ಕ ಮಾಡುವಾಗ ತಾತ್ಕಾಲಿಕವಾಗಿ ಬರೆದಿಟ್ಟುಕೊಳ್ಳಲು ನಮ್ಮೆಲ್ಲರ ತಲೆಯೊಳಗೂ ಒಂದು ಸ್ಲೇಟಿದೆ. ಅದು ಬಹಳ ಚಿಕ್ಕದು, ನಾಲ್ಕೈದು ಸಂಗತಿ ಬರೆದರೆ ತುಂಬಿಹೋಗುತ್ತದೆ. ದಶಕ ಒಂದನ್ನು ಬರೆದಿಡುವುದು ಅಲ್ಲೇ. ಮಗು ಕರಿಹಲಗೆಯ ಮುಂದೆ ನಿಂತಿದೆ ಎಂದುಕೊಳ್ಳಿ. ಗಂಟಲು ಒಣಗಿದೆ, ಅಂಗೈ ಬೆವರಿ ಬಳಪ ಒದ್ದೆಯಾಗಿದೆ. 'ತಪ್ಪಾದರೆ ಎಲ್ಲರೂ ನಗುತ್ತಾರೆ' ಎಂಬುದು ಸ್ಲೇಟಿನ ಮೇಲೆ ಮೊದಲೇ ಬಂದು ಕೂತಿದೆ. 'ಹೋದ ಸಲವೂ ತಪ್ಪಾಗಿತ್ತು' ಎಂಬುದು ಅದರ ಪಕ್ಕದಲ್ಲಿ. ದಶಕಕ್ಕೆ ಜಾಗ ಎಲ್ಲಿದೆ?

ಇನ್ನೊಂದು ಸಂಗತಿಯನ್ನು ಆಶ್‌ಕ್ರಾಫ್ಟ್ ಅವರೇ ಅದಕ್ಕೂ ಮೊದಲು ಗಮನಿಸಿದ್ದರು. ಆತಂಕ ಹೆಚ್ಚಿರುವವರು ಕಷ್ಟದ ಲೆಕ್ಕವನ್ನು ನಿಧಾನವಾಗಿ ಮಾಡುತ್ತಾರೆ ಎಂದು ನಾವು ಎಣಿಸುತ್ತೇವೆ. ಅವರಲ್ಲಿ ಅನೇಕರು ಬೇಗ ಮುಗಿಸುತ್ತಾರೆ, ತಪ್ಪಾಗಿ ಮುಗಿಸುತ್ತಾರೆ. ಸರಿಯುತ್ತರಕ್ಕಿಂತ ಆ ಜಾಗದಿಂದ ಬಿಡುಗಡೆಯಾಗುವುದೇ ಅವರಿಗೆ ಮುಖ್ಯ. ಪರೀಕ್ಷಾ ಕೊಠಡಿಯಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಪತ್ರಿಕೆ ಕೊಟ್ಟು ಹೊರಟು ಬಿಡುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಅವರನ್ನು ಅಸಡ್ಡೆಯವರು ಎಂದು ಬಯ್ದದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಭಯಕ್ಕೂ ಬುದ್ಧಿಗೂ ನಂಟಿಲ್ಲ ಎಂಬುದು ಹೊಸ ಮಾತಲ್ಲ. 1957ರಲ್ಲಿ ಡ್ರೆಗರ್ ಮತ್ತು ಐಕೆನ್ ಎಂಬಿಬ್ಬರು ಸಂಶೋಧಕರು 'ಅಂಕಿಗಳ ಆತಂಕ' ಎಂದು ಇದಕ್ಕೆ ಹೆಸರಿಟ್ಟಾಗಲೇ, ಇದು ಸಾಮಾನ್ಯ ಆತಂಕಕ್ಕಿಂತ ಬೇರೆ, ಬುದ್ಧಿಮತ್ತೆಗೂ ಇದಕ್ಕೂ ನೇರ ಸಂಬಂಧವಿಲ್ಲ ಎಂದಿದ್ದರು. 2018ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಬ್ರಿಟನ್ನಿನ 1,700ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದರು. ಗಣಿತದ ಆತಂಕ ತೀವ್ರವಾಗಿದ್ದ ಮಕ್ಕಳಲ್ಲಿ ಶೇಕಡ 77ರಷ್ಟು ಮಂದಿ ಗಣಿತದಲ್ಲಿ ಸಾಧಾರಣ ಅಥವಾ ಅದಕ್ಕಿಂತ ಮೇಲಿನ ಮಟ್ಟದಲ್ಲೇ ಇದ್ದರು. ಅಂದರೆ ಅಂಕಪಟ್ಟಿ ನೋಡಿ ಭಯವನ್ನು ಪತ್ತೆ ಹಚ್ಚುವುದು ಸಾಧ್ಯವಿಲ್ಲ. ತೊಂಬತ್ತು ಅಂಕ ತರುವ ನಿಮ್ಮ ಮಗಳು ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಮಾಡುತ್ತಾಳೆಯೇ ಎಂದು ಒಮ್ಮೆ ಗಮನಿಸಿ. ಒಂದು, ಎರಡನೆಯ ತರಗತಿಯ ಮಕ್ಕಳ ಮೇಲೆ ಷಿಕಾಗೋದಲ್ಲಿ ನಡೆದ ಅಧ್ಯಯನದಲ್ಲಿ ಭಯದಿಂದ ಹೆಚ್ಚು ಪೆಟ್ಟು ತಿಂದದ್ದು ಯಾರು ಗೊತ್ತೇ? ತಲೆಯ ಸ್ಲೇಟು ದೊಡ್ಡದಿರುವ ಮಕ್ಕಳು. ಬಾಯಿಪಾಠದ ಬದಲು ಯೋಚಿಸಿ ಲೆಕ್ಕ ಬಿಡಿಸುವುದು ಅಂಥ ಮಕ್ಕಳ ಅಭ್ಯಾಸ. ಯೋಚಿಸಲು ಜಾಗ ಬೇಕು, ಆ ಜಾಗವನ್ನೇ ಭಯ ನುಂಗುತ್ತದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಶನಿವಾರದ ಬೆಳಗಿನ ಶಾಲೆಯಲ್ಲಿ ಮನೋಗಣಿತದ ಪಂದ್ಯ ನಡೆಸುತ್ತಿದ್ದೆ. ಎಲ್ಲರೂ ಎದ್ದು ನಿಲ್ಲಬೇಕು. ನಾನು ಲೆಕ್ಕ ಹೇಳುತ್ತೇನೆ. ಬೇಗ ಉತ್ತರ ಹೇಳಿದವರು ಕುಳಿತುಕೊಳ್ಳಬಹುದು. ಮುಂದಿನ ಸಾಲಿನ ಏಳೆಂಟು ಮಕ್ಕಳಿಗೆ ಅದು ಹಬ್ಬವಾಗಿತ್ತು, ಅವರ ಕಣ್ಣಿನ ಹೊಳಪು ನೋಡಿ ತರಗತಿ ಚುರುಕಾಗಿದೆ ಎಂದು ನಾನು ಸಂತೋಷಪಡುತ್ತಿದ್ದೆ. ಕೊನೆಗೆ ನಿಂತೇ ಉಳಿಯುತ್ತಿದ್ದವರು ಪ್ರತಿವಾರ ಅದೇ ನಾಲ್ಕೈದು ಮಂದಿ. ಅವರಲ್ಲಿ ಒಬ್ಬ ಹುಡುಗ ಶನಿವಾರ ಶಾಲೆಗೆ ಬರುವುದನ್ನೇ ಬಿಟ್ಟ. ಅವನ ತಾಯಿಯನ್ನು ಕರೆಸಿದೆ.

"ಶನಿವಾರ ಬಂತೆಂದರೆ ಹೊಟ್ಟೆನೋವು ಟೀಚರ್. ನೆಪ ಹೇಳುತ್ತಿಲ್ಲ. ಮುಲುಗುತ್ತಾನೆ. ಡಾಕ್ಟರಿಗೂ ತೋರಿಸಿದೆವು, ಏನೂ ಇಲ್ಲ ಎಂದರು. ಹತ್ತು ಗಂಟೆಯಾದ ಮೇಲೆ ತಾನಾಗಿಯೇ ವಾಸಿಯಾಗುತ್ತದೆ" ಎಂದರು ಆಕೆ.

ನನ್ನ ಪಂದ್ಯ ಮುಗಿಯುತ್ತಿದ್ದದ್ದು ಒಂಬತ್ತೂವರೆಗೆ.

ಆ ನೋವು ನಿಜವಾದ ನೋವು. ಇಯಾನ್ ಲಯನ್ಸ್ ಮತ್ತು ಶಾನ್ ಬೈಲಾಕ್ 2012ರಲ್ಲಿ, ಗಣಿತದ ಆತಂಕ ಹೆಚ್ಚಿರುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. 'ಇನ್ನೇನು ಲೆಕ್ಕ ಬರುತ್ತದೆ' ಎಂಬ ಸೂಚನೆ ಕಂಡ ಕೂಡಲೇ, ದೇಹಕ್ಕೆ ಪೆಟ್ಟಾದಾಗ ಕೆಲಸ ಮಾಡುವ ಭಾಗಗಳೇ ಅವರಲ್ಲಿ ಎಚ್ಚೆತ್ತವು. ಕುತೂಹಲದ ಸಂಗತಿಯೆಂದರೆ, ಲೆಕ್ಕ ಮಾಡುವ ಹೊತ್ತಿನಲ್ಲಿ ಹಾಗಾಗಲಿಲ್ಲ. ನೋಯಿಸಿದ್ದು ಲೆಕ್ಕಕ್ಕೆ ಕಾಯುವುದು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ವಿನೋದ್ ಮೆನನ್ ಅವರ ತಂಡ ಏಳರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ, ಭಯದ ಅನುಭವಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗ ಲೆಕ್ಕದ ಮುಂದೆ ಹೆಚ್ಚು ಸಕ್ರಿಯವಾಗುವುದನ್ನೂ, ಯೋಚನೆಗೆ ಬೇಕಾದ ಭಾಗಗಳು ಮಂಕಾಗುವುದನ್ನೂ ತೋರಿಸಿತು. ಏಳು ವರ್ಷವೆಂದರೆ ನಮ್ಮಲ್ಲಿ ಎರಡನೆಯ ತರಗತಿ. ಭಿನ್ನರಾಶಿಯ ಹೆಸರನ್ನೂ ಕೇಳಿರದ ವಯಸ್ಸು.

ನಮ್ಮಲ್ಲಿ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಮಾತಿದೆ. ಚಿಕ್ಕ ಮಗುವನ್ನು ಅಳಿಸಬಾರದೆಂದು ಆಟಕ್ಕೆ ಸೇರಿಸಿಕೊಳ್ಳುತ್ತೇವೆ, ಅದು ಔಟಾದರೂ ಎಣಿಸುವುದಿಲ್ಲ. ಗಣಿತದ ತರಗತಿಯಲ್ಲಿ ಎಷ್ಟು ಮಕ್ಕಳು ಹೀಗಿದ್ದಾರೆ! ಹಾಜರಿ ಪುಸ್ತಕದಲ್ಲಿ ಇರುತ್ತಾರೆ, ಬೋರ್ಡಿನ ಮೇಲಿನದನ್ನು ಅಂದವಾಗಿ ನಕಲು ಮಾಡಿಕೊಳ್ಳುತ್ತಾರೆ, ಪ್ರಶ್ನೆ ಮಾತ್ರ ಅವರ ಕಡೆಗೆ ಹೋಗುವುದಿಲ್ಲ. ಅವರಿಗೂ ಅದೇ ಹಿತ, ನಮಗೂ ಅದೇ ಹಿತ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಗಣಿತ ಬೋಧನೆಯ ಬಗ್ಗೆ ಒಂದು ಪ್ರತ್ಯೇಕ ವರದಿ ಬಂತು. ಗಣಕ ವಿಜ್ಞಾನಿ ಆರ್. ರಾಮಾನುಜಂ ಅದನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು. ನಮ್ಮ ಶಾಲಾ ಗಣಿತದ ಸಮಸ್ಯೆಗಳಲ್ಲಿ ಆ ವರದಿ ಎಲ್ಲಕ್ಕಿಂತ ಮೊದಲು ಹೆಸರಿಸಿದ್ದು ಬಹುಪಾಲು ಮಕ್ಕಳಲ್ಲಿರುವ ಭಯ ಮತ್ತು ಸೋಲಿನ ಭಾವವನ್ನು. ಹೊರದೇಶಗಳ ಕಥೆಯೂ ಬೇರೆಯಲ್ಲ. ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಎಂಬ ಸಮೀಕ್ಷೆಯಲ್ಲಿ, 2012ರಲ್ಲಿ, ಶ್ರೀಮಂತ ದೇಶಗಳ ಹದಿನೈದು ವರ್ಷದ ಮಕ್ಕಳಲ್ಲಿ ಶೇಕಡ 59ರಷ್ಟು ಮಂದಿ, ಗಣಿತದ ತರಗತಿ ತಮಗೆ ಕಷ್ಟವಾಗುತ್ತದೆಂಬ ಚಿಂತೆ ಆಗಾಗ ಕಾಡುತ್ತದೆ ಎಂದಿದ್ದರು.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ವಾರ ನನ್ನನ್ನು ಹುಡುಕಿಕೊಂಡು ಬರುವ ಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಲೆಕ್ಕ ಇಲ್ಲದ ಕಾಂಬಿನೇಷನ್ ಯಾವುದಿದೆ ಟೀಚರ್?" ಇತಿಹಾಸವನ್ನು ಪ್ರೀತಿಸಿ ಕಲಾ ವಿಭಾಗಕ್ಕೆ ಹೋಗುವವರ ಬಗ್ಗೆ ನನಗೆ ಗೌರವವಿದೆ. ಇವರು ಹಾಗಲ್ಲ, ಓಡಿ ಹೋಗುತ್ತಿರುವವರು. ಆದರೆ ಲೆಕ್ಕ ಬೆನ್ನು ಬಿಡುವುದಿಲ್ಲ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕಡಿಮೆಯೇ ಎಂದು ಒಪ್ಪಿ ಸಾಲ ಪಡೆದ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಗೊತ್ತು. ಅದು ತಿಂಗಳ ಬಡ್ಡಿ, ವರ್ಷಕ್ಕೆ ಶೇಕಡ 36 ಆಗುತ್ತದೆ ಎಂದು ಗುಣಿಸಿ ನೋಡುವಷ್ಟು ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತಿತ್ತು. "ಅಂಕಿ ನೋಡಿದರೆ ತಲೆ ಓಡುವುದಿಲ್ಲ ಟೀಚರ್, ಅದಕ್ಕೆ ಕೇಳಲಿಲ್ಲ" ಎಂದಳು.

ಈ ಭಯ ಮಗುವಿಗೆ ಬರುವುದು ಎಲ್ಲಿಂದ? ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ನಿಮ್ಮನ್ನು ಕಾಣಲು ಬಂದದ್ದೇ ಇದಕ್ಕಾಗಿ.

ಬಸ್ ನಿಲ್ದಾಣದ ಬಳಿ ಹೂ ಮಾರುವ ಒಬ್ಬ ತಾಯಿ ಪೋಷಕರ ಸಭೆಗೆ ಬಂದಿದ್ದರು. ಎಂಟನೆಯ ತರಗತಿಯ ಮಗಳು ಪಕ್ಕದಲ್ಲೇ ನಿಂತಿದ್ದಳು. ಉತ್ತರ ಪತ್ರಿಕೆ ಕೈಗೆ ಕೊಟ್ಟೆ. ಅದನ್ನು ನೋಡದೆಯೇ ಆಕೆ, "ನನಗೂ ಲೆಕ್ಕ ಬರುವುದಿಲ್ಲ ಟೀಚರ್, ಇವಳಿಗೂ ನನ್ನ ತಲೆಯೇ ಬಂದಿದೆ, ಏನು ಮಾಡುವುದು" ಎಂದರು. ಮಗಳು ನೆಲ ನೋಡುತ್ತಿದ್ದಳು.

ಆ ಸಂಜೆ ಬೇಕೆಂದೇ ಅವರ ಬಳಿ ಹೂ ಕೊಳ್ಳಲು ಹೋದೆ. ಮೊಳಕ್ಕೆ ಮೂವತ್ತು ರೂಪಾಯಿ. ಮೂರೂವರೆ ಮೊಳ ಕೊಡಿ ಎಂದು ಐನೂರರ ನೋಟು ಕೊಟ್ಟೆ. ಕೈ ಹೂವನ್ನು ಅಳೆಯುತ್ತಿರುವಾಗಲೇ ಬಾಯಿ, "ಮೂರು ಮೊಳ ತೊಂಬತ್ತು, ಅರೆ ಮೊಳ ಹದಿನೈದು, ನೂರಾ ಐದು" ಎಂದಿತು. ಆಮೇಲೆ ಐದರ ನಾಣ್ಯ ಒಂದನ್ನು ನನ್ನ ಅಂಗೈಗೆ ಹಾಕಿ "ನೂರಾ ಹತ್ತು" ಎಂದರು. ತೊಂಬತ್ತು ರೂಪಾಯಿ ಎಣಿಸಿ "ಇನ್ನೂರು" ಎಂದರು. ಮೂರು ನೂರರ ನೋಟು ಇಟ್ಟು "ಐನೂರು, ಸರಿಯಾಯಿತಾ ಟೀಚರ್?" ಎಂದರು. ಇದನ್ನೇ ನಾನು ತರಗತಿಯಲ್ಲಿ 500ರಲ್ಲಿ 105 ಕಳೆ ಎಂದು ಕೊಡುತ್ತೇನೆ. ಬಿಡಿ ಸ್ಥಾನದ ಸೊನ್ನೆಯಲ್ಲಿ ಐದು ಹೋಗುವುದಿಲ್ಲ, ಪಕ್ಕದ ಮನೆಯಲ್ಲಿ ಸಾಲ ಕೇಳಬೇಕು, ಅಲ್ಲೂ ಸೊನ್ನೆ, ನೂರರ ಮನೆಯವರೆಗೆ ಹೋಗಿ ಅಲ್ಲಿಂದ ಹೊತ್ತು ತರಬೇಕು. ಅರ್ಧ ತರಗತಿ ಆ ಎರಡು ಸೊನ್ನೆಗಳ ನಡುವೆ ದಾರಿ ತಪ್ಪುತ್ತದೆ. ಈ ತಾಯಿ ಕಳೆಯಲೇ ಇಲ್ಲ, ಕೂಡಿಸುತ್ತ ಮೇಲೆ ಹತ್ತಿದರು. ಭಿನ್ನರಾಶಿ, ಗುಣಾಕಾರ, ವ್ಯವಕಲನ ಮೂರನ್ನೂ ಅರೆ ನಿಮಿಷದಲ್ಲಿ ಮುಗಿಸಿ, ಇದೆಲ್ಲ ಲೆಕ್ಕವೇ ಅಲ್ಲ ಎಂದು ನಂಬಿದ್ದರು.

1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಮೇಲೆ ನಡೆದ ಪ್ರಸಿದ್ಧ ಅಧ್ಯಯನವೊಂದಿದೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡ 98ರಷ್ಟು ಸರಿ. ಅದೇ ಅಂಕಿಗಳನ್ನು ಬರಿಯ ಲೆಕ್ಕವಾಗಿ ಕೊಟ್ಟಾಗ ಶೇಕಡ 37. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಶಾಲೆಗೆ ಮಾತ್ರ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು ಎಂದೂ ಅದು ಹೇಳುತ್ತದೆ. ಈ ಅಧ್ಯಯನಗಳು ಭಯವನ್ನು ಅಳೆಯಲು ಹೊರಟವಲ್ಲ. ಆದರೆ 'ನನಗೆ ಲೆಕ್ಕ ಬರುವುದಿಲ್ಲ' ಎಂದು ಯಾರಾದರೂ ಹೇಳಿದಾಗ ನಾನು ಈಗ ನಂಬುವುದಿಲ್ಲ. ಯಾವ ಲೆಕ್ಕ, ಎಲ್ಲಿ, ಯಾರ ಮುಂದೆ ಎಂದು ಕೇಳುತ್ತೇನೆ.

ಆ ತಾಯಿಯ ಮಾತು ಮಗಳ ಕಿವಿಗೆ ಬಿತ್ತಲ್ಲ, ಅದಕ್ಕೆ ಮರಳುತ್ತೇನೆ. 2015ರಲ್ಲಿ ಎರಿನ್ ಮಲೋನಿ ಮತ್ತು ಸಂಗಡಿಗರು ಒಂದು, ಎರಡನೆಯ ತರಗತಿಯ ಮಕ್ಕಳನ್ನೂ ಅವರ ಪೋಷಕರನ್ನೂ ಅಧ್ಯಯನ ಮಾಡಿದರು. ಗಣಿತದ ಭಯವಿರುವ ಪೋಷಕರು ಮನೆಗೆಲಸಕ್ಕೆ ಪದೇ ಪದೇ ಸಹಾಯ ಮಾಡಿದಾಗ, ವರ್ಷದ ಕೊನೆಗೆ ಆ ಮಕ್ಕಳು ಗಣಿತ ಕಲಿತದ್ದೂ ಕಡಿಮೆಯಾಗಿತ್ತು, ಅವರ ಭಯವೂ ಹೆಚ್ಚಿತ್ತು. ಅಂಥ ಸಹಾಯ ಅಪರೂಪವಾಗಿದ್ದ ಮನೆಗಳಲ್ಲಿ ಹೀಗಾಗಲಿಲ್ಲ. ಇದನ್ನು ಕೇಳಿ ಯಾರೂ ನೊಂದುಕೊಳ್ಳಬೇಡಿ, ಸಹಾಯ ಮಾಡಬೇಡಿ ಎಂದೂ ನಾನು ಹೇಳುತ್ತಿಲ್ಲ. ದಿನವೆಲ್ಲ ದುಡಿದು ಬಂದು, ರಾತ್ರಿ ಎಂಟೂವರೆಗೆ ಮಗುವಿನ ಪುಸ್ತಕ ತೆರೆದು, ಅರ್ಥವಾಗದೆ ಮುಖ ಬಿಗಿದು, "ಇಷ್ಟೂ ಬರುವುದಿಲ್ಲವಾ, ಬೇಗ ಹೇಳು" ಎಂದು ಗದರುವಾಗ ಮಗು ಲೆಕ್ಕದ ಜೊತೆಗೆ ಆ ಮುಖವನ್ನೂ ಕಲಿಯುತ್ತದೆ. ಮಗು ಅಂಗನವಾಡಿಗೆ ಹೋಗುವ ಮೊದಲೇ ಗಣಿತ ಕಬ್ಬಿಣದ ಕಡಲೆ ಎಂಬ ಮಾತು ಅದರ ಕಿವಿಗೆ ಬಿದ್ದಿರುತ್ತದೆ. ಹಲ್ಲು ಮುರಿಯುತ್ತದೆ ಎಂದು ಮೊದಲೇ ಹೇಳಿ ಕೊಟ್ಟ ಕಡಲೆಯನ್ನು ಯಾವ ಮಗು ಬಾಯಿಗೆ ಹಾಕಿಕೊಂಡೀತು?

ಶಿಕ್ಷಕಿಯರೂ ಇದ್ದೀರಿ, ನಿಮಗೊಂದು ಮಾತು. ಬೈಲಾಕ್ ಅವರ ತಂಡ 2010ರಲ್ಲಿ ಹದಿನೇಳು ಶಿಕ್ಷಕಿಯರ ತರಗತಿಗಳನ್ನು ವರ್ಷವಿಡೀ ಗಮನಿಸಿತು. ಶಿಕ್ಷಕಿಗೆ ಗಣಿತದ ಆತಂಕವಿದ್ದ ಕಡೆ, ಶಾಲೆ ಶುರುವಾದಾಗ ಇಲ್ಲದ ಒಂದು ಪರಿಣಾಮ ವರ್ಷದ ಕೊನೆಗೆ ಕಂಡಿತು. 'ಲೆಕ್ಕ ಗಂಡುಮಕ್ಕಳಿಗೆ, ಓದು ಹೆಣ್ಣುಮಕ್ಕಳಿಗೆ' ಎಂಬ ಭಾವನೆ ಬೆಳೆದ ಹುಡುಗಿಯರು ಗಣಿತದಲ್ಲಿ ಹಿಂದೆ ಬಿದ್ದಿದ್ದರು. ಹುಡುಗರ ಮೇಲೆ ಪರಿಣಾಮ ಕಾಣಲಿಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರೇ ಎಲ್ಲ ವಿಷಯ ಕಲಿಸಬೇಕು. ಹತ್ತನೆಯ ತರಗತಿಗೇ ಗಣಿತಕ್ಕೆ ಕೈಮುಗಿದು ಬಂದವರ ಹೆಗಲಿಗೂ ಅದು ಬೀಳುತ್ತದೆ. ಅವರನ್ನು ದೂರುವ ಬದಲು ಅವರ ಭಯವನ್ನು ಕೇಳಿಸಿಕೊಳ್ಳುವ ತರಬೇತಿ ನಮಗೆ ಬೇಕು.

ಏನು ಮಾಡಬಹುದು? ನಾನು ಶನಿವಾರದ ಪಂದ್ಯ ನಿಲ್ಲಿಸಿದೆ. ಈಗ ಬೋರ್ಡಿನ ಮೇಲೆ ಲೆಕ್ಕ ಬರೆದು ಒಂದು ನಿಮಿಷ ಯಾರೂ ಕೈ ಎತ್ತುವಂತಿಲ್ಲ ಎನ್ನುತ್ತೇನೆ. ಆಮೇಲೆ 'ಉತ್ತರ ಎಷ್ಟು' ಎಂದು ಕೇಳುವ ಬದಲು 'ಹೇಗೆ ಹೊರಟೆ' ಎಂದು ಕೇಳುತ್ತೇನೆ. ಹೂ ಮಾರುವ ತಾಯಿಯ ಮಗಳು ಒಂದು ದಿನ 500ರಿಂದ 105 ಕಳೆಯುವುದನ್ನು ಅವಳ ಅಮ್ಮನ ರೀತಿಯಲ್ಲೇ ಬೋರ್ಡಿನ ಮೇಲೆ ಬರೆದು ತೋರಿಸಿದಳು: 5, 90, 300. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಅವರ ಅಂಗಡಿಯಲ್ಲೂ ಹೀಗೆಯೇ ಚಿಲ್ಲರೆ ಕೊಡುವುದು ಎಂದ. ಅವನು ಆ ವರ್ಷ ತಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು.

ಪರೀಕ್ಷೆಗೆ ಮುನ್ನ ಮನಸ್ಸಿನಲ್ಲಿರುವ ಭಯವನ್ನು ಹತ್ತು ನಿಮಿಷ ಕಾಗದದ ಮೇಲೆ ಬರೆದುಬಿಡುವುದರಿಂದ ಆತಂಕವಿರುವ ವಿದ್ಯಾರ್ಥಿಗಳಿಗೆ ಸಹಾಯವಾಗುತ್ತದೆ ಎಂದು ರಮಿರೆಸ್ ಮತ್ತು ಬೈಲಾಕ್ 2011ರಲ್ಲಿ ತೋರಿಸಿದರು. ಸ್ಲೇಟಿನ ಮೇಲಿದ್ದದ್ದು ಕಾಗದಕ್ಕೆ ಇಳಿಯುತ್ತದೆ. ನಾನು ಇದನ್ನು ಹತ್ತನೆಯ ತರಗತಿಯಲ್ಲಿ ಮಾಡಿಸುತ್ತೇನೆ, ಆ ಕಾಗದವನ್ನು ಓದುವುದಿಲ್ಲ, ಮಕ್ಕಳೇ ಹರಿದು ಹಾಕುತ್ತಾರೆ. ಮೆನನ್ ಅವರ ತಂಡದ 2015ರ ಅಧ್ಯಯನ ನನಗೆ ಇನ್ನೂ ಹೆಚ್ಚು ಧೈರ್ಯ ಕೊಟ್ಟಿದೆ. ಮೂರನೆಯ ತರಗತಿಯ ಮಕ್ಕಳಿಗೆ ಎಂಟು ವಾರ ಒಬ್ಬೊಬ್ಬರಿಗೇ ಪಕ್ಕದಲ್ಲಿ ಕೂತು ಗಣಿತ ಕಲಿಸಿದಾಗ, ಆತಂಕ ಹೆಚ್ಚಿದ್ದವರ ಆತಂಕ ಇಳಿಯಿತು, ಅಮಿಗ್ಡಲದ ಅತಿಯಾದ ಚಟುವಟಿಕೆಯೂ ಇಳಿಯಿತು. ಅವರಿಗೆ ಸಿಕ್ಕಿದ್ದು ಔಷಧಿಯಲ್ಲ, ಧೈರ್ಯದ ಭಾಷಣವೂ ಅಲ್ಲ, ಗಣಿತವೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಭಯದ ಬಗ್ಗೆ ಮಾತನಾಡಿದ ಕೂಡಲೇ ಕೆಲವರು ಕಲಿಕೆಯನ್ನೇ ಸಡಿಲ ಮಾಡಿ ಎನ್ನುತ್ತಾರೆ. ಭಾಗಾಕಾರ ಬಾರದೆ ಎಂಟನೆಯ ತರಗತಿಗೆ ಬಂದ ಮಗುವಿನ ಭಯಕ್ಕೆ ಆಧಾರವಿದೆ. ಅದರ ಬೆನ್ನು ತಟ್ಟಿ ಬೀಜಗಣಿತಕ್ಕೆ ಕಳುಹಿಸಿದರೆ ಭಯ ಇಮ್ಮಡಿಯಾಗುತ್ತದೆ. ಹಿಂದಕ್ಕೆ ಹೋಗಬೇಕು, ಎಲ್ಲಿ ಕೊಂಡಿ ಕಳಚಿದೆಯೋ ಅಲ್ಲಿ ಕೂರಬೇಕು, ಕಡ್ಡಿ ಕಟ್ಟುಗಳನ್ನು ಹರಡಿಕೊಂಡು ಹತ್ತು ಬಿಡಿಗಳು ಒಂದು ಹತ್ತಾಗುವುದನ್ನು ಕೈಯಿಂದ ಮುಟ್ಟಿಸಬೇಕು. ಗಣಿತ ಕಲಿಕಾ ಆಂದೋಲನದ ಸಾಮಗ್ರಿ ಪೆಟ್ಟಿಗೆ ನಿಮ್ಮ ಶಾಲೆಗೆ ಬಂದಿದ್ದರೆ ಬೀರುವಿನಿಂದ ಹೊರಗೆ ತೆಗೆಯಿರಿ. ಇನ್ನು ಕೆಲವು ಮಕ್ಕಳಿಗೆ ಅಂಕಿಗಳನ್ನು ಗ್ರಹಿಸುವುದರಲ್ಲೇ ಹುಟ್ಟಿನಿಂದ ತೊಡಕಿರುತ್ತದೆ. ಡಿಸ್ಕ್ಯಾಲ್ಕುಲಿಯಾ ಎಂಬ ಆ ತೊಂದರೆ ಬೇರೆಯೇ, ಅದಕ್ಕೆ ತಜ್ಞರ ನೆರವು ಬೇಕು.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: "ಹಾಗಾದರೆ ಮಗ್ಗಿ ಬಾಯಿಪಾಠ ಮಾಡಿಸುವುದೂ ತಪ್ಪೇನಮ್ಮ? ನಮ್ಮ ಕಾಲದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳದೆ ಊಟವಿರಲಿಲ್ಲ."

ತಪ್ಪಲ್ಲ ಎಂದೆ. ಮಗ್ಗಿ ನಾಲಿಗೆಯ ಮೇಲಿದ್ದರೆ ತಲೆಯ ಸ್ಲೇಟಿನಲ್ಲಿ ಅಷ್ಟು ಜಾಗ ಉಳಿಯುತ್ತದೆ, ಅದು ದೊಡ್ಡ ಉಪಕಾರ. ಎಲ್ಲರೂ ಸೇರಿ ರಾಗವಾಗಿ ಹೇಳುವಾಗ ಯಾರೊಬ್ಬರ ಮೇಲೂ ಕಣ್ಣಿರುವುದಿಲ್ಲ, ಅದೂ ಒಳ್ಳೆಯದೇ. ತೊಂದರೆ ಬರುವುದು ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿ "ಏಳೆಂಟ್ಲ ಎಷ್ಟು, ಬೇಗ" ಎಂದಾಗ. ಮರೆತುಹೋದರೆ ಹೇಗೆ ಹುಡುಕಿಕೊಳ್ಳಬೇಕು ಎಂಬುದನ್ನೂ ಮಗ್ಗಿಯ ಜೊತೆಗೇ ಕಲಿಸಿರಬೇಕು. ಏಳೇಳ್ಲ ನಲವತ್ತೊಂಬತ್ತು ನೆನಪಿದೆಯೇ, ಅದಕ್ಕೆ ಇನ್ನೊಂದು ಏಳು ಸೇರಿಸು ಎಂದರಾಯಿತು. ಸೇರಿಸಲು ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಗಡಿಯಾರ ನೋಡದೆ ಪಕ್ಕದಲ್ಲಿ ಕೂತಿರಿ ಎಂದೆ. ಅವರು ತಲೆಯಾಡಿಸಿ, ಪಕ್ಕದಲ್ಲಿದ್ದ ಮೊಮ್ಮಗನ ಕಿವಿಯಲ್ಲಿ ಏನೋ ಹೇಳಿದರು. ಹುಡುಗ ಬೆರಳು ಮಡಿಸಲು ಶುರು ಮಾಡಿದ.